ಎರಡು ದತ್ತಿಗಳು: ಮಣ್ಣಿನ ಬ್ಯಾಕ್ಟೀರಿಯ ಮತ್ತು ಪುಟ್ಟ ಹಾಡುಹಕ್ಕಿ



ಮೂವತ್ತು ವರ್ಷ ಸೂಕ್ಷ್ಮಜೀವಿ ವಿಜ್ಞಾನ ಪಾಠ ಮಾಡಿದವಳು ನಾನು. ತರಗತಿಯಲ್ಲಾದರೆ ಗಂಟೆ ಹೊಡೆದ ಕೂಡಲೆ ಮಾತು ನಿಲ್ಲುತ್ತಿತ್ತು. ಇಲ್ಲಿ ಗಂಟೆ ಹೊಡೆಯುವವರಿಲ್ಲ, ಅದೇ ಅಳುಕು. ಈ ದತ್ತಿ ಉಪನ್ಯಾಸದ ವಿಷಯ ಏನೆಂದು ಸಂಚಾಲಕರು ಫೋನಿನಲ್ಲಿ ಕೇಳಿದಾಗ, "ಮಣ್ಣಿನ ಒಂದು ಬ್ಯಾಕ್ಟೀರಿಯವನ್ನು ಒಂದು ಪುಟ್ಟ ಹಾಡುಹಕ್ಕಿಯ ಜೊತೆ ಹೋಲಿಸುತ್ತೇನೆ" ಎಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಮೆಲ್ಲಗೆ, "ಮೇಡಂ, ಎರಡರಲ್ಲಿ ಒಂದು ಸಾಕಾಗುವುದಿಲ್ಲವೆ?" ಎಂದರು. ಸಾಕಾಗುವುದಿಲ್ಲ. ಯಾಕೆಂದು ಹೇಳುವುದೇ ಇವತ್ತಿನ ನನ್ನ ಕೆಲಸ.

ದತ್ತಿ ಎಂದರೆ ಕೊಟ್ಟದ್ದು. ಕೊಟ್ಟವರು ಹೋದ ಮೇಲೂ ನಡೆಯಲಿ ಎಂದು ಬಿಟ್ಟದ್ದು. ಅಸಲನ್ನು ಮುಟ್ಟದೆ ಬಡ್ಡಿಯಲ್ಲಿ ಕಾರ್ಯ ನಡೆಸಬೇಕು ಎಂಬುದು ಅದರ ಕಟ್ಟಳೆ. ನಮ್ಮ ನಾಡಿನ ಕಲ್ಲುಶಾಸನಗಳಲ್ಲಿ ದಾನದ ವಿವರ ಮುಗಿದ ಮೇಲೆ ಒಂದು ಶಾಪವಿರುತ್ತದೆ. ತಾನು ಕೊಟ್ಟದ್ದಾಗಲಿ ಬೇರೆಯವರು ಕೊಟ್ಟದ್ದಾಗಲಿ, ದತ್ತಿಯನ್ನು ಕಸಿದವನು ಅರವತ್ತು ಸಾವಿರ ವರ್ಷ ಹೇಸಿಗೆಯಲ್ಲಿ ಕ್ರಿಮಿಯಾಗಿ ಹುಟ್ಟುತ್ತಾನೆ ಎಂಬ ಒಕ್ಕಣೆ. ಕ್ರಿಮಿಯಾಗುವುದಕ್ಕಿಂತ ಕೀಳು ಜನ್ಮವಿಲ್ಲ ಎಂದು ಅದನ್ನು ಬರೆಸಿದವರ ಎಣಿಕೆ. ಆ ಕ್ರಿಮಿಗಳ ಪೈಕಿ ಕೆಲವು ಎಷ್ಟು ದೊಡ್ಡ ದತ್ತಿದಾರರು ಎಂದು ಅವರಿಗೆ ಗೊತ್ತಿರುವ ಹಾಗಿರಲಿಲ್ಲ.

1. ಮಾವನ ಕಿವಿ

ಈ ಜೋಡಿ ನನ್ನ ತಲೆಗೆ ಬಂದದ್ದು ನಮ್ಮ ಸೋದರಮಾವನಿಂದ. 1960ರ ದಶಕದ ಮೊದಲ ವರ್ಷಗಳಲ್ಲಿ ಅವರಿಗೆ ಕ್ಷಯ ಹಿಡಿಯಿತು. ಮಲೆನಾಡಿನ ಹಳ್ಳಿ. ಇಪ್ಪತ್ತು ವರ್ಷ ಮೊದಲಾಗಿದ್ದರೆ ಹಿತ್ತಲ ಕೋಣೆಯಲ್ಲಿ ಹಾಸಿಗೆ ಹಾಸಿ, ತಟ್ಟೆ ಲೋಟ ಬೇರೆ ಇಟ್ಟು, ಮನೆಯವರು ದಿನ ಎಣಿಸುತ್ತಿದ್ದರು. ಮಾವನ ಪುಣ್ಯಕ್ಕೆ ಅಷ್ಟು ಹೊತ್ತಿಗೆ ಸ್ಟ್ರೆಪ್ಟೊಮೈಸಿನ್ ಬಂದಿತ್ತು. ತಿಂಗಳುಗಟ್ಟಲೆ ಸೂಜಿ. ಕೂರಲಾಗದೆ ನಿಂತೇ ಊಟ ಮಾಡುತ್ತಿದ್ದರೆಂದು ಅಮ್ಮ ಹೇಳಿ ನಗುತ್ತಿದ್ದಳು. ಕೆಮ್ಮು ನಿಂತಿತು, ಮೈ ತುಂಬಿತು, ಮದುವೆಯಾಯಿತು. ಎಂಬತ್ತರ ಹತ್ತಿರದವರೆಗೂ ಬದುಕಿದರು.

ಸೂಜಿ ಮುಗಿಯುವ ಹೊತ್ತಿಗೆ ಮಾತ್ರ ಅವರ ಕಿವಿಯಿಂದ ಸಣ್ಣ ಸದ್ದುಗಳು ಹೊರಟುಹೋಗಿದ್ದವು. ಆ ಮದ್ದಿನ ದೋಷವೇ ಅದು. ಒಳಗಿವಿಯ ರೋಮಕೋಶಗಳನ್ನು ಅದು ಕೊಲ್ಲುತ್ತದೆ. ಕೆಲವರಿಗೆ ನಡಿಗೆ ತೂರಾಡುತ್ತದೆ, ಕೆಲವರಿಗೆ ಕೇಳುವುದು ಕುಗ್ಗುತ್ತದೆ. ಕುಗ್ಗುವಾಗ ಮೊದಲು ಹೋಗುವುದು ತಾರಕದ ಸದ್ದು. ಅಂಗಳದ ದಾಸವಾಳದ ಮೇಲೆ ಸೂರಕ್ಕಿ ಕೂತು ಉಲಿಯುವಾಗ ಮಾವ ಜಗಲಿಯಿಂದ ಬಗ್ಗಿ ನೋಡುತ್ತಿದ್ದರು. "ಕೊಕ್ಕು ತೆರೆದದ್ದು ಕಾಣ್ತದೆ ಮಾರಾಯ್ತಿ, ಒಳಗಿಂದ ಏನೂ ಬರ್ತಾ ಇಲ್ಲ" ಎನ್ನುತ್ತಿದ್ದರು. ಅಷ್ಟರಲ್ಲಿ ಮಾಡಿನ ಮೇಲೆ ಕಾಗೆ ಕೂಗಿದರೆ, "ಇವನದ್ದು ಏನೂ ಮೋಸ ಇಲ್ಲ" ಎಂದು ನಗುತ್ತಿದ್ದರು.

ಸ್ಟ್ರೆಪ್ಟೊಮೈಸಿನ್ ಹುಟ್ಟುವುದು ಸ್ಟ್ರೆಪ್ಟೊಮೈಸಿಸ್ ಎಂಬ ಮಣ್ಣಿನ ಬ್ಯಾಕ್ಟೀರಿಯದಿಂದ. ಮಾವನಿಗೆ ಉಸಿರು ಕೊಟ್ಟದ್ದು ಆ ಬ್ಯಾಕ್ಟೀರಿಯ. ಅದೇ ಬ್ಯಾಕ್ಟೀರಿಯ ಅವರಿಂದ ಹಕ್ಕಿಯ ದನಿಯನ್ನು ಕಸಿದುಕೊಂಡಿತು. ಹೀಗೆ ಇವೆರಡೂ ನನ್ನ ಮನಸ್ಸಿನಲ್ಲಿ ಒಟ್ಟಿಗೆ ಗಂಟುಬಿದ್ದವು.

2. ಅಳತೆ, ತೂಕ, ಎಣಿಕೆ

ಹೋಲಿಕೆಗೆ ಎರಡು ನಿರ್ದಿಷ್ಟ ಜೀವಿಗಳು ಬೇಕು. ಮಣ್ಣಿನ ಕಡೆಯಿಂದ ಸ್ಟ್ರೆಪ್ಟೊಮೈಸಿಸ್ ಕುಲದ ಸೀಲಿಕಲರ್ ಎಂಬ ಪ್ರಭೇದವನ್ನು ಆರಿಸಿಕೊಂಡಿದ್ದೇನೆ. ಆಕಾಶದ ಬಣ್ಣದ್ದು ಎಂದು ಆ ಹೆಸರಿನ ಅರ್ಥ. ತಟ್ಟೆಯಲ್ಲಿ ಬೆಳೆದಾಗ ಅದು ನೀಲಿ ಬಣ್ಣವನ್ನು ಸುತ್ತ ಬಿಡುತ್ತದೆ. ಹಕ್ಕಿಗಳ ಕಡೆಯಿಂದ ಆಸ್ಟ್ರೇಲಿಯಾದ ಜೀಬ್ರಾ ಫಿಂಚ್. ನಮ್ಮ ಗದ್ದೆ ಬಯಲಿನ ರಾಟವಾಳಗಳ ದಾಯಾದಿ ಇದು, ಒಂದೇ ಕುಟುಂಬದ್ದು. ರಾಟವಾಳವನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಫಿಂಚ್ ಹೊರದೇಶದ ಹಕ್ಕಿಯಾದ್ದರಿಂದ ನಮ್ಮ ಪೇಟೆಗಳಲ್ಲಿ ಜೋಡಿಯ ಲೆಕ್ಕದಲ್ಲಿ ಮಾರುತ್ತಾರೆ.

ಫಿಂಚ್ ಕೊಕ್ಕಿನಿಂದ ಬಾಲದವರೆಗೆ ಸುಮಾರು 10 ಸೆಂಟಿಮೀಟರ್, ತೂಕ ಸುಮಾರು 12 ಗ್ರಾಂ. ಸ್ಟ್ರೆಪ್ಟೊಮೈಸಿಸ್‌ನ ಒಂದು ಬೀಜಕ ಒಂದು ಮಿಲಿಮೀಟರಿನ ಸಾವಿರದ ಒಂದು ಪಾಲು. ಬೀಜಕಗಳನ್ನು ಸಾಲಾಗಿ ಜೋಡಿಸಿದರೆ ಹಕ್ಕಿಯ ಉದ್ದಕ್ಕೆ ಒಂದು ಲಕ್ಷ ಬೇಕು. ತಕ್ಕಡಿಗೆ ಹಾಕಿದರೆ ಹಕ್ಕಿಯ ತೂಕಕ್ಕೆ ಹತ್ತು ಲಕ್ಷ ಕೋಟಿಗೂ ಹೆಚ್ಚು ಬೇಕು.

ಈ ಲೆಕ್ಕ ಕೇಳಿದ ಮೇಲೆ ಜೀನುಗಳ ಎಣಿಕೆ ಕೇಳಬೇಕು. ಸೀಲಿಕಲರ್‌ನ ಜೀನೋಮನ್ನು 2002ರಲ್ಲಿ ಇಂಗ್ಲೆಂಡಿನ ಸಂಶೋಧಕರು ಪೂರ್ತಿ ಓದಿ ಮುಗಿಸಿದರು. ಅದರಲ್ಲಿ 86,67,507 ಅಕ್ಷರಗಳು, ಅಂದಾಜು 7,825 ಜೀನುಗಳು. ಜೀಬ್ರಾ ಫಿಂಚ್‌ನದ್ದು 2010ರಲ್ಲಿ ಪ್ರಕಟವಾಯಿತು. ಸುಮಾರು 120 ಕೋಟಿ ಅಕ್ಷರಗಳು, ಜೀನುಗಳು ಸುಮಾರು 17,500. ಅಕ್ಷರಗಳಲ್ಲಿ ಹಕ್ಕಿಯದ್ದು ನೂರಮೂವತ್ತು ಪಟ್ಟಿಗೂ ಮಿಗಿಲು. ಜೀನುಗಳಲ್ಲಿ ಎರಡೂಕಾಲು ಪಟ್ಟು, ಅಷ್ಟೆ. ರೆಕ್ಕೆ, ಕಣ್ಣು, ಹೃದಯ, ಗೂಡು ಕಟ್ಟುವ ಬುದ್ಧಿ, ಹಾಡು ಎಲ್ಲ ಸೇರಿ ಹದಿನೇಳೂವರೆ ಸಾವಿರ. ಕಣ್ಣಿಗೆ ಕಾಣದ ಒಂದು ಎಳೆಗೆ ಎಂಟು ಸಾವಿರದ ಹತ್ತಿರ. ಹಕ್ಕಿಯ ಜೀನೋಮು ನಮ್ಮ ಬಯಲುಸೀಮೆಯ ಹಾಗೆ. ಮೈಲಿಗಟ್ಟಲೆ ಬಯಲು, ನಡುನಡುವೆ ಒಂದೊಂದು ಊರು. ಬ್ಯಾಕ್ಟೀರಿಯದ್ದು ಗೋಡೆಗೆ ಗೋಡೆ ತಾಗಿಸಿ ಕಟ್ಟಿದ ಹಳೆಪೇಟೆ.

ಅಷ್ಟು ಜೀನು ಅದಕ್ಕೆ ಯಾಕೆ ಬೇಕು? ಹಕ್ಕಿಗೆ ಊರು ಹಿಡಿಸದಿದ್ದರೆ ಹಾರಿಹೋಗಬಹುದು. ಸ್ಟ್ರೆಪ್ಟೊಮೈಸಿಸ್‌ಗೆ ಆ ಸೌಕರ್ಯವಿಲ್ಲ. ಇದ್ದಲ್ಲೇ ಇದ್ದು ಬಿಸಿಲು, ಬರ, ನೆರೆ, ಹಸಿವು, ನೆರೆಹೊರೆ ಎಲ್ಲವನ್ನೂ ರಸಾಯನದಿಂದಲೇ ಸುಧಾರಿಸಬೇಕು. ಕೊಳೆತ ಎಲೆಯನ್ನು, ಸತ್ತ ಹುಳುವಿನ ಕವಚವನ್ನು ಜೀರ್ಣಿಸುವ ಕಿಣ್ವಗಳು ಬೇಕು. ವೈರಿಗೆ ವಿಷ ಬೇಕು. ತನ್ನ ವಿಷ ತನಗೇ ತಾಗದಂತೆ ಮದ್ದೂ ಬೇಕು. ಓಡಲಾಗದವನ ಮನೆಯಲ್ಲಿ ಸಾಮಾನು ಹೆಚ್ಚು.

3. ತಟ್ಟೆಯೊಳಗಿನ ತೋಟ

ಎಂ.ಎಸ್ಸಿ. ಓದುವಾಗ ನಮ್ಮ ಊರಿನ ಅಡಿಕೆ ತೋಟದಿಂದ ಒಂದು ಚಿಟಿಕೆ ಮಣ್ಣು ತಂದು, ನೀರಲ್ಲಿ ಕದಡಿ, ಮತ್ತೆ ಮತ್ತೆ ತೆಳುಮಾಡಿ, ಪೆಟ್ರಿ ತಟ್ಟೆಯ ಅಗಾರ್ ಮೇಲೆ ಹರಡಿದ್ದೆ. ಎರಡನೆಯ ದಿನಕ್ಕೆ ಉಳಿದ ಬ್ಯಾಕ್ಟೀರಿಯಗಳು ಲೋಳೆಲೋಳೆಯಾಗಿ ತಟ್ಟೆ ತುಂಬಿದವು. ಒಂದು ವಾರ ಕಳೆದ ಮೇಲೆ, ಮೂಲೆಯಲ್ಲಿ ಸುಣ್ಣದ ಪುಡಿ ಉದುರಿಸಿದಂಥ ಸ್ಟ್ರೆಪ್ಟೊಮೈಸಿಸ್‌ನ ಬೂದು-ಬಿಳಿ ಚುಕ್ಕಿಗಳು ಕಂಡವು. ತಂತಿಯ ಕುಣಿಕೆಯಿಂದ ಕೆರೆದರೆ ಬರಲೊಲ್ಲವು. ಚರ್ಮದ ಹಾಗೆ ಗಟ್ಟಿ, ಬೇರು ಬಿಟ್ಟ ಹಾಗೆ ಅಗಾರ್‌ಗೆ ಕಚ್ಚಿಕೊಂಡಿದ್ದವು. ಮುಚ್ಚಳ ಎತ್ತಿದರೆ ಕೋಣೆಯೊಳಗೆ ಮೊದಲ ಮಳೆಯ ವಾಸನೆ. ಚುಕ್ಕಿಯ ಸುತ್ತ ಒಂದು ಬೋಳು ವೃತ್ತ. ಬೇರೆ ಯಾರೂ ಆ ಗೆರೆ ದಾಟಿರಲಿಲ್ಲ.

ಬೇರು ಬಿಟ್ಟ ಹಾಗೆ ಎಂದೆ. ನಿಜಕ್ಕೂ ಅದರ ಬದುಕು ಗಿಡದ ಬದುಕಿನಂತೆಯೇ. ಬಹುಪಾಲು ಬ್ಯಾಕ್ಟೀರಿಯಗಳು ಎರಡಾಗಿ ಒಡೆದು ಬೇರೆಯಾಗುತ್ತವೆ. ಇದು ಒಡೆಯದೆ ಎಳೆಯಾಗಿ ಚಾಚಿ, ಕವಲೊಡೆದು, ಮಣ್ಣೊಳಗೆ ಬಲೆ ಹೆಣೆಯುತ್ತದೆ. ಬಹುಕಾಲ ಇದನ್ನು ಬೂಸ್ಟಿನ ಜಾತಿ ಎಂದೇ ತಿಳಿದಿದ್ದರು. ಸ್ಟ್ರೆಪ್ಟೊಮೈಸಿಸ್ ಎಂಬ ಹೆಸರಿನಲ್ಲಿ ಇವತ್ತಿಗೂ ಗ್ರೀಕರ ಬೂಸ್ಟು ಉಳಿದುಕೊಂಡಿದೆ. ಆಹಾರ ಇರುವವರೆಗೆ ಬಲೆ ಹಬ್ಬುತ್ತದೆ. ಆಹಾರ ತೀರುತ್ತಾ ಬಂದಾಗ ಬದುಕಿನ ದೊಡ್ಡ ತಿರುವು. ಕೆಲವು ಎಳೆಗಳು ಮಣ್ಣು ಬಿಟ್ಟು ಗಾಳಿಗೆ ಏಳುತ್ತವೆ. ಅವುಗಳ ತುದಿ ಮಣಿಸರದಂತೆ ತುಂಡಾಗಿ ಬೀಜಕಗಳಾಗುತ್ತದೆ. ಮೇಲೇಳುವ ಎಳೆಗಳಿಗೆ ಗೊಬ್ಬರ ಎಲ್ಲಿಂದ? ಕೆಳಗಿನ ಹಳೆಯ ಬಲೆ ತನ್ನನ್ನು ತಾನೇ ಕರಗಿಸಿಕೊಳ್ಳುತ್ತದೆ. ಅದರ ಸಾರವನ್ನು ಕುಡಿದು ಮೇಲಿನವು ಬೆಳೆಯುತ್ತವೆ. ಬಾಳೆ ಗೊನೆ ಹಾಕಿ ಸಾಯುವುದನ್ನು ಕಂಡ ನಮಗೆ ಇದು ಹೊಸದೇನಲ್ಲ.

ಕರಗುತ್ತಿರುವ ಆ ಬಲೆಯ ಸಾರಕ್ಕೆ ಮಣ್ಣಿನಲ್ಲಿ ಹೊಂಚು ಹಾಕಿದವರು ಕೋಟಿ ಮಂದಿ. ಸರಿಯಾಗಿ ಆ ಹೊತ್ತಿಗೆ ಸ್ಟ್ರೆಪ್ಟೊಮೈಸಿಸ್ ಆಂಟಿಬಯೋಟಿಕ್ ತಯಾರಿಸುತ್ತದೆ. ಮಕ್ಕಳ ಪಾಲಿನ ಅನ್ನಕ್ಕೆ ಹಾಕಿದ ಬೇಲಿ ಇದು ಎಂದು ಸಂಶೋಧಕರು ವಿವರಿಸುತ್ತಾರೆ. ಊರಿಗೆ ಮಾರಿ, ಮನೆಗೆ ಉಪಕಾರಿ. ನಾವು ಔಷಧದ ಅಂಗಡಿಯಲ್ಲಿ ಕೊಳ್ಳುವುದು ಆ ಬೇಲಿಯ ಮುಳ್ಳನ್ನು. ಇದು ಮೊದಲನೆಯ ದತ್ತಿ. ಕೊಟ್ಟದ್ದು ಮೈಯನ್ನೇ, ಜೊತೆಗೆ ಅದರ ಕಾವಲನ್ನು.

4. ಮಳೆಗೆ ಕಾದವರು

ವಾಸನೆಯ ಮಾತು ಬಂತು. ಬೇಸಗೆಯ ಕೊನೆಗೆ ಅಶ್ವಿನಿಯೋ ಭರಣಿಯೋ ನಾಲ್ಕು ಹನಿ ಹಾಕಿದಾಗ ಏಳುವ ಕಂಪನ್ನು ಯಾರಿಗೂ ವಿವರಿಸಬೇಕಾಗಿಲ್ಲ. ಅದಕ್ಕೆ 1964ರಲ್ಲಿ ಪೆಟ್ರಿಕೋರ್ ಎಂದು ಹೆಸರಿಟ್ಟವರು ಆಸ್ಟ್ರೇಲಿಯಾದ ಇಸಬೆಲ್ ಜಾಯ್ ಬೇರ್ ಮತ್ತು ರಿಚರ್ಡ್ ಥಾಮಸ್. ಉತ್ತರ ಪ್ರದೇಶದ ಕನೌಜಿನವರು ಹೆಸರಿಗೆ ಕಾಯದೆ, ಒಣಮಣ್ಣಿನ ಕಂಪನ್ನು ಬಟ್ಟಿಯಿಳಿಸಿ ಮಿಟ್ಟಿ ಅತ್ತರ್ ಎಂದು ಮಾರುತ್ತಲೇ ಬಂದಿದ್ದರು. ಮರುವರ್ಷ, 1965ರಲ್ಲಿ, ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದ ನ್ಯಾನ್ಸಿ ಗರ್ಬರ್ ಮತ್ತು ಹ್ಯೂಬರ್ಟ್ ಲೆಷೆವಲಿಯೆ ಆ ಕಂಪಿನ ಮುಖ್ಯ ಅಂಶವನ್ನು ಸ್ಟ್ರೆಪ್ಟೊಮೈಸಿಸ್ ಬಳಗದಿಂದಲೇ ಬೇರ್ಪಡಿಸಿ ಜಿಯೋಸ್ಮಿನ್ ಎಂದು ಕರೆದರು. ಲಕ್ಷ ಕೋಟಿಯಲ್ಲಿ ಕೆಲವೇ ಪಾಲು ಇದ್ದರೂ ನಮ್ಮ ಮೂಗು ಅದನ್ನು ಹಿಡಿಯುತ್ತದೆ.

ಬ್ಯಾಕ್ಟೀರಿಯಕ್ಕೆ ಈ ಕಂಪಿನಿಂದ ಏನು ಲಾಭ? 2020ರಲ್ಲಿ ಪ್ರಕಟವಾದ ಸಂಶೋಧನೆ ಒಂದು ಉತ್ತರ ಕೊಟ್ಟಿತು. ಬಾಲದಡಿಯ ಸ್ಪ್ರಿಂಗಿನಿಂದ ನೆಗೆಯುವ, ಎಳ್ಳುಕಾಳಿನಷ್ಟೂ ಇಲ್ಲದ ಸ್ಪ್ರಿಂಗ್‌ಟೇಲ್ ಎಂಬ ಮಣ್ಣಿನ ಜೀವಿಯನ್ನು ಈ ವಾಸನೆ ಕರೆಯುತ್ತದೆ. ಅದು ಬಂದು ಬ್ಯಾಕ್ಟೀರಿಯವನ್ನು ಮೇಯುತ್ತದೆ. ಹೋಗುವಾಗ ಮೈಗೆ ಅಂಟಿದ ಬೀಜಕಗಳನ್ನೂ ಹೊಟ್ಟೆಯೊಳಗಿನ ಬೀಜಕಗಳನ್ನೂ ಬೇರೆಡೆ ಬಿತ್ತುತ್ತದೆ. ಬೀಜಕ ಕಟ್ಟುವ ಜೀನುಗಳನ್ನು ಆಳುವ ಯಜಮಾನನೇ ವಾಸನೆಯ ಜೀನನ್ನೂ ಆಳುತ್ತಾನೆ. ಹಣ್ಣಿನ ಘಮ ಹಕ್ಕಿಗೆ, ಮಣ್ಣಿನ ಘಮ ಸ್ಪ್ರಿಂಗ್‌ಟೇಲ್‌ಗೆ. ಕಂಠವಿಲ್ಲದವನ ಹಾಡು ಅದು ಎಂದರೆ ಅತಿಯಾದೀತು. ಕರೆ ಎಂದರೆ ಸಾಕು.

ಫಿಂಚ್ ಕೂಡ ಮಳೆಗೆ ಕಾಯುವ ಜೀವಿ. ಆಸ್ಟ್ರೇಲಿಯಾದ ಒಣ ಒಳನಾಡಿನಲ್ಲಿ ಮಳೆಗೆ ಪಂಚಾಂಗವಿಲ್ಲ. ಮಳೆ ಬಿದ್ದು ಹುಲ್ಲು ಕಾಳು ಕಟ್ಟಿತೋ, ಜೋಡಿ ಗೂಡು ಹಾಕುತ್ತದೆ, ತಿಂಗಳು ಯಾವುದೇ ಇರಲಿ. ಮೊಟ್ಟೆ ಇಟ್ಟ ಮೇಲೂ ಹೊರಗಿನ ಸುದ್ದಿ ಒಳಗೆ ಹೋಗುತ್ತಿರುತ್ತದೆ. 2016ರಲ್ಲಿ ಮಿಲೆನ್ ಮಾರಿಯೆಟ್ ಮತ್ತು ಕ್ಯಾಥರೀನ್ ಬುಕಾನನ್ ಕಂಡದ್ದು ಇದು: ಹೊರಗಿನ ಬಿಸಿ 26 ಡಿಗ್ರಿ ದಾಟಿದರೆ, ಮರಿಯೊಡೆಯಲು ಕೆಲವೇ ದಿನ ಉಳಿದಿರುವಾಗ, ತಾಯಿತಂದೆ ಮೊಟ್ಟೆಗೆ ಒಂದು ವಿಶೇಷ ಕರೆ ಕೊಡುತ್ತವೆ. ಚಿಪ್ಪಿನೊಳಗೆ ಆ ಕರೆ ಕೇಳಿದ ಮರಿ ಬಿಸಿ ಗೂಡಿನಲ್ಲಿ ಮೈಯನ್ನು ಕಡಿಮೆ ಬೆಳೆಸಿಕೊಳ್ಳುತ್ತದೆ. ಸಣ್ಣ ಮೈಗೆ ಸೆಕೆ ತಡೆಯುವುದು ಸುಲಭ. ಅಭಿಮನ್ಯುವಿಗೆ ಗರ್ಭದಲ್ಲಿ ಅರ್ಧ ಪಾಠವಾಯಿತು ಎಂದು ಕೇಳಿ ಬೆಳೆದವರು ನಾವು. ಫಿಂಚ್ ಮರಿಗೆ ಆ ಪಾಠ ಬದುಕಲು ಸಾಕಾಗುವಷ್ಟು ಆಗುತ್ತದೆ.

5. ಪಂಜರದ ಪಾಠಶಾಲೆ

ಬೆಂಗಳೂರಿನ ನನ್ನ ಮಗಳ ಮನೆಯ ಬಾಲ್ಕನಿಯಲ್ಲಿ ಒಂದು ಜೋಡಿ ಫಿಂಚ್ ಇದ್ದವು. ಗಂಡಿಗೆ ಕಿತ್ತಳೆ ಕೆನ್ನೆ, ಕೆಂಪು ಕೊಕ್ಕು. ಹಾಡುವವನು ಅವನೇ. ಹೆಣ್ಣು ಕರೆಯುತ್ತದೆ, ಹಾಡುವುದಿಲ್ಲ. ಮರಿಗಳಾದವು. ಗೂಡು ಬಿಟ್ಟ ಒಂದೆರಡು ವಾರಕ್ಕೆ ಒಂದು ಗಂಡುಮರಿಯ ರಿಯಾಜು ಶುರುವಾಯಿತು. ಮಧ್ಯಾಹ್ನದ ಹೊತ್ತು ಮೈ ಉಬ್ಬಿಸಿಕೊಂಡು, ಕಣ್ಣು ಅರ್ಧ ಮುಚ್ಚಿ, ಕೊಕ್ಕು ತೆರೆದೂ ತೆರೆಯದ ಹಾಗೆ ತನ್ನಷ್ಟಕ್ಕೆ ಗೊಣಗುತ್ತಿತ್ತು. ತುಂಬಾ ತಗ್ಗಿದ ದನಿ, ತಾಳವಿಲ್ಲ, ಒಂದು ಸ್ವರ ಇನ್ನೊಂದರ ಮೇಲೆ ಬೀಳುತ್ತಿತ್ತು. ತಂದೆ ಹಾಡತೊಡಗಿದರೆ ಗೊಣಗಾಟ ಬಿಟ್ಟು ಹತ್ತಿರ ಕುಪ್ಪಳಿಸಿ, ಕತ್ತು ಓರೆ ಮಾಡಿ ಕೂರುತ್ತಿತ್ತು. ಮೂರು ತಿಂಗಳು ತುಂಬುವ ಹೊತ್ತಿಗೆ ಅಡಿಗೆ ಮನೆಯಲ್ಲಿದ್ದ ನನಗೆ ಹಾಡಿದ್ದು ಅಪ್ಪನೋ ಮಗನೋ ತಿಳಿಯದಾಯಿತು.

ನಾನು ಬಾಲ್ಕನಿಯಲ್ಲಿ ಕಂಡದ್ದನ್ನು ಪ್ರಯೋಗಾಲಯದವರು ದಿನ ಲೆಕ್ಕ ಹಾಕಿ ಕಂಡಿದ್ದಾರೆ. ಮರಿ ಹುಟ್ಟಿದ ಸುಮಾರು 25ನೆಯ ದಿನದಿಂದ ಕೇಳಿ ತುಂಬಿಕೊಳ್ಳುವ ಕಾಲ. ಆಮೇಲೆ ತಪ್ಪು ಮಾಡುತ್ತಾ ತಿದ್ದಿಕೊಳ್ಳುವ ಕಾಲ. ಸುಮಾರು 90ನೆಯ ದಿನಕ್ಕೆ ಹಾಡು ಗಟ್ಟಿಯಾಗುತ್ತದೆ. ಜೀವಮಾನವಿಡೀ ಆ ಒಂದೇ ಹಾಡು. ಕ್ಲಾಸ್ ಇಮ್ಮೆಲ್ಮಾನ್ ಎಂಬ ಜರ್ಮನ್ ವಿಜ್ಞಾನಿ 1960ರ ದಶಕದಲ್ಲಿ ಫಿಂಚ್ ಮೊಟ್ಟೆಗಳನ್ನು ಬೆಂಗಾಲೀಸ್ ಫಿಂಚ್ ಎಂಬ ಸಾಕುಹಕ್ಕಿಗಳ ಗೂಡಿಗಿಟ್ಟು ನೋಡಿದರು. ಮರಿಗಳು ಹೆತ್ತವರ ಹಾಡನ್ನು ಬಿಟ್ಟು ಸಾಕುತಂದೆಯ ಹಾಡನ್ನೇ ಹಾಡಿದವು. ರಕ್ತದಲ್ಲಿ ಬಂದದ್ದಕ್ಕಿಂತ ಕಿವಿಯಲ್ಲಿ ಬಂದದ್ದು ಬಲವಾಯಿತು.

ರಕ್ತದಲ್ಲಿ ಬಂದದ್ದೂ ಇದೆ. ಮಾತು ಕಲಿಯಲು ನಮಗೆ ಬೇಕಾದ ಫಾಕ್ಸ್‌ಪಿ2 ಎಂಬ ಜೀನು ಹಕ್ಕಿಗೂ ಇದೆ. ಮಿದುಳಿನ ಹಾಡು ಕಲಿಯುವ ಜಾಗದಲ್ಲಿ ಅದರ ಸದ್ದಡಗಿಸಿದರೆ ಮರಿ ಹಾಡನ್ನು ಅರೆಬರೆಯಾಗಿ ಕಲಿಯುತ್ತದೆ ಎಂದು 2007ರಲ್ಲಿ ತಿಳಿದುಬಂತು. 2000ದಲ್ಲಿ ಅಮಿಶ್ ದವೆ ಮತ್ತು ಡೇನಿಯಲ್ ಮಾರ್ಗೋಲಿಯಾಶ್ ಇನ್ನೊಂದು ಸೋಜಿಗ ಕಂಡರು. ನಿದ್ದೆ ಮಾಡುವ ಫಿಂಚ್‌ನ ಮಿದುಳಿನಲ್ಲಿ ನರಕೋಶಗಳು ಹಗಲು ಹಾಡುವಾಗ ಮಿಡಿದ ವರಸೆಯಲ್ಲೇ ಮತ್ತೆ ಮಿಡಿಯುತ್ತವೆ. ಕೊಕ್ಕು ಮುಚ್ಚಿರುತ್ತದೆ, ಪಾಠ ನಡೆಯುತ್ತಿರುತ್ತದೆ.

ತಂದೆಯಿಂದ ಮರಿಗೆ ಬರುವ ಈ ಹಾಡು ಎರಡನೆಯ ದತ್ತಿ. ಬ್ಯಾಕ್ಟೀರಿಯ ಮೈ ಕರಗಿಸಿ ಕೊಟ್ಟಿತು. ಫಿಂಚ್ ತಂದೆ ಕೊಟ್ಟ ಮೇಲೂ ಕೊಟ್ಟದ್ದು ಅದರ ಬಳಿಯೇ ಇದೆ. ನಮ್ಮ ಸಂಗೀತ ಮೇಷ್ಟ್ರುಗಳಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು.

6. ಅಡ್ಡದಾರಿಯ ಆಸ್ತಿ

ಇಲ್ಲಿಯವರೆಗೆ ಬ್ಯಾಕ್ಟೀರಿಯಕ್ಕೆ ಹುಟ್ಟಿನಿಂದ ಬಂದದ್ದು, ಹಕ್ಕಿಗೆ ಕಲಿತು ಬಂದದ್ದು ಎಂಬ ಹಾಗೆ ಮಾತಾಡಿದೆ. ಅಷ್ಟು ಚೊಕ್ಕವಾಗಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು. ಬ್ಯಾಕ್ಟೀರಿಯಗಳು ಜೀನುಗಳನ್ನು ನೆರೆಯವರಿಂದಲೂ ಪಡೆಯುತ್ತವೆ. ಸ್ಟ್ರೆಪ್ಟೊಮೈಸಿಸ್‌ನ ಎರಡು ಎಳೆಗಳು ತಾಗಿದರೆ ಒಂದರ ಡಿಎನ್‌ಎ ಇನ್ನೊಂದಕ್ಕೆ ದಾಟಬಲ್ಲದು. ತಲೆಮಾರಿನಿಂದ ತಲೆಮಾರಿಗೆ ಇಳಿಯದೆ ಪಕ್ಕಕ್ಕೆ ಸರಿಯುವ ಆಸ್ತಿ. ಫಿಂಚ್‌ಗೆ ಜೀನು ಕೊಡುವವರು ಹೆತ್ತವರಷ್ಟೆ. ಅದಕ್ಕೆ ಪಕ್ಕದಿಂದ ಬರಬಲ್ಲದ್ದು ಹಾಡು. ಹೋಲಿಸಿ ನೋಡಿದರೆ ಫಿಂಚ್‌ನ ಹಾಡಿನ ಜಾಗದಲ್ಲಿ ಬ್ಯಾಕ್ಟೀರಿಯದ ಈ ಅಡ್ಡಜೀನುಗಳು ಕೂರುತ್ತವೆ. ಸಾಕುತಂದೆಯ ಹಾಡು ಕಲಿತ ಮರಿಗೂ ನೆರೆಯವನ ಜೀನು ಪಡೆದ ಎಳೆಗೂ ಹೆಚ್ಚು ದೂರವಿಲ್ಲ.

ಈ ಅಡ್ಡಜೀನುಗಳ ಕಥೆ ನಮ್ಮ ಆಸ್ಪತ್ರೆಯವರೆಗೆ ಬರುತ್ತದೆ. ಅದನ್ನು ಹೇಳಲು ಮದ್ದಿನಿಂದ ಶುರು ಮಾಡಬೇಕು. 1943ರ ಅಕ್ಟೋಬರ್ 19ರಂದು ರಟ್ಗರ್ಸ್‌ನಲ್ಲಿ ಸೆಲ್ಮನ್ ವಾಕ್ಸ್‌ಮನ್ ಅವರ ವಿದ್ಯಾರ್ಥಿ, 23 ವರ್ಷದ ಆಲ್ಬರ್ಟ್ ಶಾಟ್ಸ್, ಹೊಸ ಆಂಟಿಬಯೋಟಿಕ್ ಒಂದನ್ನು ಗುರುತಿಸಿದರು. ಅದೇ ಸ್ಟ್ರೆಪ್ಟೊಮೈಸಿನ್. ಅದನ್ನು ಕೊಟ್ಟ ತಳಿಗಳು ಎರಡು. ಒಂದು ಚೆನ್ನಾಗಿ ಗೊಬ್ಬರ ಉಂಡ ಹೊಲದ ಮಣ್ಣಿನದು. ಇನ್ನೊಂದು ಸಹವಿದ್ಯಾರ್ಥಿನಿ ಡೋರಿಸ್ ಜೋನ್ಸ್ ಕೊಟ್ಟದ್ದು. ಅದು ಸಿಕ್ಕಿದ್ದು ಒಂದು ಕೋಳಿಯ ಗಂಟಲಿನಲ್ಲಿ. ಮಣ್ಣು ಕೆದಕಿ ತಿನ್ನುವ ಹಕ್ಕಿಯ ಗಂಟಲಲ್ಲಿ ಮಣ್ಣಿನ ಜೀವಿ! ಕೋಳಿ ಹಾಡುಹಕ್ಕಿಯಲ್ಲ, ಬಲ್ಲೆ. ಆದರೂ ನನ್ನ ಇವತ್ತಿನ ಜೋಡಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗಲಾರದು. 1952ರ ನೊಬೆಲ್ ಬಂದದ್ದು ವಾಕ್ಸ್‌ಮನ್ ಒಬ್ಬರಿಗೇ. ಅದಕ್ಕೆ ಮೊದಲೇ ಗುರುಶಿಷ್ಯರ ವ್ಯಾಜ್ಯ ನ್ಯಾಯಾಲಯಕ್ಕೆ ಹೋಗಿ, ಶಾಟ್ಸ್ ಸಹಸಂಶೋಧಕ ಎಂದು ಒಪ್ಪಂದವಾಗಿತ್ತು. ದತ್ತಿ ದೊಡ್ಡದಾದಷ್ಟೂ ವಾರಸುದಾರರ ಜಗಳವೂ ದೊಡ್ಡದು.

ಆಮೇಲೆ ಜಗತ್ತೆಲ್ಲ ಮಣ್ಣು ಜಾಲಿಸಿತು. ಮೈಸೂರು ಸೀಮೆಯ ಎಂ.ಜೆ. ತಿರುಮಲಾಚಾರ್ ಪುಣೆ ಹತ್ತಿರದ ಪಿಂಪ್ರಿಯಲ್ಲಿದ್ದಾಗ ಅಲ್ಲಿನ ಸ್ಟ್ರೆಪ್ಟೊಮೈಸಿಸ್ ಒಂದರಿಂದ ಬೂಸ್ಟುರೋಗಗಳಿಗೆ ಹ್ಯಾಮೈಸಿನ್ ಬಂತು. ಜಪಾನಿನ ಹಮಾವೊ ಉಮೆಜಾವ 1957ರಲ್ಲಿ ಕ್ಯಾನಮೈಸಿನ್ ಕಂಡರು. ನಿಸರ್ಗದಿಂದ ಬಂದ ಆಂಟಿಬಯೋಟಿಕ್‌ಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಈ ಬಳಗದ್ದೇ ಎಂಬುದು ಸಾಮಾನ್ಯ ಲೆಕ್ಕ. ಬೆಂಗಳೂರಿನಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ತೆರೆದಾಗ ಸ್ಟ್ರೆಪ್ಟೊಮೈಸಿನ್ ಹಳ್ಳಿಗಳಿಗೂ ತಲುಪತೊಡಗಿದ ಮದ್ದಾಗಿತ್ತು.

ಅಸಲನ್ನು ಮುಟ್ಟಬಾರದೆಂಬ ದತ್ತಿಯ ಕಟ್ಟಳೆ ಮುರಿದದ್ದು ಮಾತ್ರ ಮೊದಲ ದಿನದಿಂದಲೇ. 1948ರಲ್ಲಿ ಪ್ರಕಟವಾದ ಬ್ರಿಟನ್ನಿನ ಹೆಸರಾಂತ ಪರೀಕ್ಷೆಯಲ್ಲಿ 107 ಕ್ಷಯರೋಗಿಗಳಿದ್ದರು. ಆರು ತಿಂಗಳಲ್ಲಿ ಮದ್ದು ಪಡೆದ 55 ಜನರಲ್ಲಿ 4 ಮಂದಿ, ಪಡೆಯದ 52 ಜನರಲ್ಲಿ 14 ಮಂದಿ ತೀರಿಕೊಂಡರು. ಅದೇ ಪರೀಕ್ಷೆಯಲ್ಲಿ, ಮದ್ದು ಪಡೆದ ಹಲವರ ಕಫದಲ್ಲಿ ಮದ್ದಿಗೆ ಬಗ್ಗದ ರೋಗಾಣುವೂ ಕಂಡಿತು. ಕ್ಷಯದ ರೋಗಾಣು ಇದನ್ನು ಸಾಧಿಸುವುದು ತನ್ನದೇ ಜೀನಿನ ಅಚ್ಚುತಪ್ಪಿನಿಂದ. ಬೇರೆ ಹಲವು ರೋಗಾಣುಗಳು ಅಡ್ಡದಾರಿಯಲ್ಲಿ ಜೀನು ತರಿಸಿಕೊಳ್ಳುತ್ತವೆ. ಆ ಜೀನುಗಳ ತವರು ಆಂಟಿಬಯೋಟಿಕ್ ಮಾಡುವ ಮಣ್ಣಿನ ಜೀವಿಗಳೇ ಇರಬೇಕೆಂದು 1973ರಲ್ಲೇ ಸೂಚಿಸಿದ್ದರು. 2011ರಲ್ಲಿ 30,000 ವರ್ಷ ಹಳೆಯ ಹೆಪ್ಪುಮಣ್ಣಿನಲ್ಲೂ ಅಂಥ ಜೀನುಗಳು ಸಿಕ್ಕವು. ಬೀಗವನ್ನೂ ಬೀಗದ ಕೈಯನ್ನೂ ಮಣ್ಣು ಒಟ್ಟಿಗೇ ಇಟ್ಟಿತ್ತು. ಬೇಕಿದ್ದಕ್ಕೂ ಬೇಡದ್ದಕ್ಕೂ, ನೆಗಡಿಗೂ ಕೋಳಿಫಾರಮಿಗೂ ಮದ್ದು ಸುರಿದು, ಆ ಕೈ ಎಲ್ಲರಿಗೂ ಸಿಗುವ ಹಾಗೆ ಮಾಡಿದವರು ನಾವು. ಬಡ್ಡಿ ಸಾಲದೆ ಅಸಲಿಗೇ ಕೈ ಹಾಕಿದೆವು.

7. ಅಸಲು ಉಳಿದಿದೆಯೆ?

ಹಾಡಿನ ಅಸಲೂ ಕರಗಬಲ್ಲದು. 2009ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ತಂದೆಯ ಹಾಡನ್ನು ಕೇಳದೆ ಬೆಳೆದ ಫಿಂಚ್‌ಗಳನ್ನೇ ಗುರುಗಳನ್ನಾಗಿ ಮಾಡಿದರು. ಆ ಗುರುಗಳ ಹಾಡು ಒರಟು, ಅಡ್ಡಾದಿಡ್ಡಿ. ಶಿಷ್ಯರು ಅದನ್ನೇ ಕಲಿತರು, ಕಲಿಯುವಾಗ ಸ್ವಲ್ಪ ತಿದ್ದಿದರು. ಅವರ ಶಿಷ್ಯರು ಇನ್ನಷ್ಟು ತಿದ್ದಿದರು. ಮೂರು ನಾಲ್ಕು ತಲೆಮಾರಿನಲ್ಲಿ ಕಾಡಿನ ಫಿಂಚ್‌ನ ಹಾಡಿಗೆ ಹತ್ತಿರದ್ದು ಮತ್ತೆ ಮೂಡಿತು. ಕಳೆದ ಗಂಟು ಕೂಡಿಬಂತು.

ನೆಮ್ಮದಿಯ ಸುದ್ದಿ ಅದು, ಶಿಷ್ಯಪರಂಪರೆಗೆ ಹಕ್ಕಿಗಳು ಉಳಿದಿದ್ದರೆ. ಅದೇ ಆಸ್ಟ್ರೇಲಿಯಾದಲ್ಲಿ ರೀಜೆಂಟ್ ಹನಿಈಟರ್ ಎಂಬ ಹಳದಿ-ಕಪ್ಪು ಹಕ್ಕಿ ಕಾಡಿನಲ್ಲಿ ಕೆಲವು ನೂರಕ್ಕೆ ಇಳಿದಿದೆ. ಹರೆಯದ ಗಂಡುಗಳಿಗೆ ಪಾಠ ಹೇಳುವ ಹಿರಿಯರು ಸುತ್ತಮುತ್ತ ಸಿಗುವುದಿಲ್ಲ. 2021ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಕೆಲವು ಗಂಡುಗಳು ಬೇರೆ ಜಾತಿಯ ಹಕ್ಕಿಗಳ ಹಾಡನ್ನು ಕಲಿತು ಹಾಡುತ್ತಿವೆ. ಹಾಗೆ ಹಾಡುವ ಗಂಡಿಗೆ ಹೆಣ್ಣು ಒಲಿಯುವುದು ಕಡಿಮೆ. ಹಾಡು ಹೋದರೆ ಹಕ್ಕಿಯೂ ಬೇಗ ಹೋದೀತು.

ಕೊನೆಯದಾಗಿ, ನನ್ನ ಎರಡು ಜೀವಿಗಳ ಬಳಗ ನೇರವಾಗಿ ಎದುರಾದ ಒಂದು ಪ್ರಸಂಗ. ನಮ್ಮ ಒಳಗಿವಿಯ ರೋಮಕೋಶ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಹಕ್ಕಿಗಳಿಗೆ ಹುಟ್ಟುತ್ತದೆ. ಇದು 1988ರಲ್ಲಿ ಗೊತ್ತಾಯಿತು. 2002ರಲ್ಲಿ ಸಾರಾ ವೂಲಿ ಮತ್ತು ಎಡ್ವಿನ್ ರೂಬೆಲ್ ಎಂಬ ಸಂಶೋಧಕರು ಹಾಡು ಬಲ್ಲ ಬೆಂಗಾಲೀಸ್ ಫಿಂಚ್‌ಗಳಿಗೆ ಜೋರಾದ ಸದ್ದಿನ ಜೊತೆಗೆ ಅಮಿಕಾಸಿನ್ ಕೊಟ್ಟರು. ಸ್ಟ್ರೆಪ್ಟೊಮೈಸಿಸ್‌ನ ಕ್ಯಾನಮೈಸಿನ್‌ನಿಂದ ತಯಾರಾದ ಮದ್ದು ಅದು. ರೋಮಕೋಶಗಳು ಸತ್ತವು. ತನ್ನ ದನಿ ತನಗೇ ಕೇಳದೆ ಹಕ್ಕಿಗಳ ಹಾಡು ಕೆಟ್ಟಿತು. ಕೆಲವು ವಾರ ಕಳೆದವು. ಕಿವಿಯಲ್ಲಿ ಹೊಸ ಕೋಶಗಳು ಹುಟ್ಟಿದವು. ಹಳೆಯ ಹಾಡು ಬಹುಮಟ್ಟಿಗೆ ಮರಳಿತು. ಕಿವಿ ಹೋದ ಅಷ್ಟೂ ದಿನ ಮಿದುಳು ಆ ಹಾಡನ್ನು ಎಲ್ಲೋ ಜೋಪಾನವಾಗಿಟ್ಟಿತ್ತು.

ಈ ಸಂಶೋಧನೆಯನ್ನು ಓದಿದ ದಿನ ಮಾವ ಇನ್ನೂ ಇದ್ದರು. ಅವರ ಕಿವಿಯ ಕೋಶಗಳು ಮರಳುವಂತಿರಲಿಲ್ಲ. ಆದರೆ ನನಗೆ ನೆನಪಾದದ್ದು ಬೇರೆ. ಬೇಸಗೆ ರಜದಲ್ಲಿ ನಾವು ಮಕ್ಕಳು ಊರಿಗೆ ಹೋದಾಗ ಮಾವ ಜಗಲಿಯಲ್ಲಿ ಕೂರಿಸಿಕೊಂಡು, ತುಟಿ ಮುಂದೆ ಮಾಡಿ, ಮಡಿವಾಳ ಹಕ್ಕಿಯ ಸಿಳ್ಳೆ ಹಾಕುತ್ತಿದ್ದರು. ಏರಿಸಿ, ತಡೆದು, ಇಳಿಸಿ, ಕೊನೆಗೆ ಒಂದು ಕೊಂಕು. "ಹೀಗಿರ್ತದೆ, ಕೇಳಿ ಬನ್ನಿ" ಎಂದು ತೋಟಕ್ಕೆ ಅಟ್ಟುತ್ತಿದ್ದರು. ನಾವು ಹೋಗಿ ಕೇಳಿ, ಓಡಿ ಬಂದು, "ಹೌದು ಮಾವ, ಹಾಗೇ ಇದೆ" ಎನ್ನುತ್ತಿದ್ದೆವು. "ಕೊನೆಯ ಕೊಂಕು ಇತ್ತಾ?" ಎಂದು ತಪ್ಪದೆ ವಿಚಾರಿಸುತ್ತಿದ್ದರು. ಇತ್ತು ಎಂದರೆ ಸಮಾಧಾನದಿಂದ ಎಲೆಗೆ ಸುಣ್ಣ ಹಚ್ಚುತ್ತಿದ್ದರು.

ತಮಗೆ ಕೇಳಿಸದ ಹಾಡನ್ನು ಅವರು ನಮಗೆ ಕಲಿಸಿದರು. ಇವತ್ತಿಗೂ ಬೆಳಗಿನ ಜಾವ ಮಡಿವಾಳ ಹಕ್ಕಿ ಕೂಗಿದರೆ ನಾನು ಹಾಸಿಗೆಯಲ್ಲೇ ಇದ್ದು ಆ ಕೊಂಕಿಗೆ ಕಾಯುತ್ತೇನೆ.